ಒಂದು ಬಿಪಿ ಮಾತ್ರೆ ಹಿಡಿದು ಆರೋಗ್ಯ ಮನೋವಿಜ್ಞಾನ ಕಲಿಯುವುದು

ಡಾಕ್ಟರು ಬಿಪಿ ಮಾತ್ರೆ ಬರೆದುಕೊಟ್ಟಿದ್ದಾರೆ: ದಿನಕ್ಕೊಂದು, ಬೆಳಿಗ್ಗೆ ತಿಂಡಿಯಾದ ಮೇಲೆ. ಮಾತ್ರೆಗೆ ದುಡ್ಡೂ ಹೆಚ್ಚಿಲ್ಲ, ನುಂಗುವುದಕ್ಕೆ ಅರ್ಧ ನಿಮಿಷ ಸಾಕು. ಆದರೂ ಮೂರ್ನಾಲ್ಕು ತಿಂಗಳಾಗುವಷ್ಟರಲ್ಲಿ ಸ್ಟ್ರಿಪ್ಪು ಟಿವಿ ಪಕ್ಕದಲ್ಲಿ ಧೂಳು ಹಿಡಿದು ಕೂತಿರುತ್ತದೆ. ಕೇಳಿದರೆ, ‘ಬಿಪಿ ಇದ್ರೆ ಸ್ಟ್ರೋಕ್ ಆಗುತ್ತೆ ಅಂತ ಗೊತ್ತು’ ಎಂದು ಅವರೇ ಹೇಳುತ್ತಾರೆ. ಶ್ರೀಮಂತ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಹೇಳಿದಂತೆ ಔಷಧಿ ತೆಗೆದುಕೊಳ್ಳುವವರು ಸುಮಾರು ಅರ್ಧದಷ್ಟು ಮಂದಿ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಲೆಕ್ಕ ಕೊಟ್ಟಿತ್ತು.

ಗೊತ್ತಿದ್ದೂ ಮಾಡದೇ ಇರುವುದು ಯಾಕೆ? ಇದನ್ನು ಸೋಮಾರಿತನ, ಅಸಡ್ಡೆ ಎಂದು ತಳ್ಳಿಹಾಕದೆ ಬಿಡಿಸಿ ನೋಡುವುದೇ ಆರೋಗ್ಯ ಮನೋವಿಜ್ಞಾನದ ಮುಖ್ಯ ಕೆಲಸ. ಬಿಎ, ಬಿಎಸ್ಸಿಯಲ್ಲಿ ಮನೋವಿಜ್ಞಾನ ತೆಗೆದುಕೊಂಡವರಿಗೆ, ನರ್ಸಿಂಗ್ ಮತ್ತು ಎಂಎಸ್‌ಡಬ್ಲ್ಯೂ ಓದುವವರಿಗೆ ಈ ವಿಷಯ ಒಂದು ಪೇಪರಾಗಿ ಬಂದಾಗ ಹೆಚ್ಚಿನವರು ಮಾದರಿಗಳ ಹೆಸರು, ಇಸವಿ, ಹಂತಗಳನ್ನು ಉರು ಹೊಡೆಯುತ್ತಾರೆ. ಪರೀಕ್ಷೆ ಮುಗಿದ ವಾರಕ್ಕೆ ಎಲ್ಲವೂ ಕಲಸಿಹೋಗಿರುತ್ತದೆ. ಬೇರೆ ದಾರಿಯಿದೆ. ಒಂದೇ ಒಂದು ವರ್ತನೆಯನ್ನು ಕೈಯಲ್ಲಿ ಹಿಡಿದುಕೊಂಡು, ಪುಸ್ತಕದ ಪ್ರತಿ ಅಧ್ಯಾಯವನ್ನೂ ಅದಕ್ಕೆ ತಾಗಿಸಿ ನೋಡುವುದು. ಇಲ್ಲಿ ಆ ವರ್ತನೆ, ಬಿಪಿ ಮಾತ್ರೆ ನುಂಗುವುದು.

ಮೂರು ಡಬ್ಬಿಗಳಲ್ಲ

ಮೊದಲ ಅಧ್ಯಾಯದಲ್ಲಿ ಜಾರ್ಜ್ ಎಂಗಲ್ ಸಿಗುತ್ತಾರೆ. ಅಮೆರಿಕದ ವೈದ್ಯರು, 1977ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದು, ಕಾಯಿಲೆಯನ್ನು ಬರೀ ದೇಹದ ಕೆಟ್ಟ ಭಾಗ ಎಂದು ನೋಡಿದರೆ ಸಾಲದು, ದೇಹ, ಮನಸ್ಸು, ಸಮಾಜ ಮೂರನ್ನೂ ಒಟ್ಟಿಗೆ ನೋಡಬೇಕು ಎಂದು ವಾದಿಸಿದರು. ಮರುವರ್ಷವೇ ಅಮೆರಿಕದ ಮನೋವಿಜ್ಞಾನಿಗಳ ಸಂಘದಲ್ಲಿ ಆರೋಗ್ಯ ಮನೋವಿಜ್ಞಾನಕ್ಕೆಂದು ಪ್ರತ್ಯೇಕ ವಿಭಾಗ ಹುಟ್ಟಿತು.

ಉತ್ತರ ಪತ್ರಿಕೆಯಲ್ಲಿ ಎಲ್ಲರೂ ಮೂರು ಡಬ್ಬಿ ಬರೆದು ಒಂದೊಂದರಲ್ಲಿ ನಾಲ್ಕು ಅಂಶ ತುಂಬಿಸುತ್ತಾರೆ. ಎಡವುವುದು ಅಲ್ಲೇ. ಅಂಕವಿರುವುದು, ಅರ್ಥವಿರುವುದು ಡಬ್ಬಿಗಳ ನಡುವಿನ ಬಾಣಗಳಲ್ಲಿ. ಉಪ್ಪನ್ನೇ ತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಎಲ್ಲ ಅಡುಗೆಯೂ ಸೇರಿ ಒಂದು ಟೀ ಚಮಚದ ಒಳಗೆ. ಉಪ್ಪು ಹೆಚ್ಚಾದರೆ ಬಿಪಿ ಏರುತ್ತದೆ, ಇದು ದೇಹದ ಮಾತು. ನಾಲಿಗೆಗೆ ಉಪ್ಪಿನಕಾಯಿ ಇಲ್ಲದೆ ಮೊಸರನ್ನ ಇಳಿಯುವುದಿಲ್ಲ, ಇದು ಅಭ್ಯಾಸದ ಮಾತು. ಆದರೆ ಮನೆಯಲ್ಲಿ ಸಾರು ಮಾಡುವುದು ಒಂದೇ ಪಾತ್ರೆಯಲ್ಲಿ. ಅಜ್ಜನಿಗೆ ಬಿಪಿ ಎಂದು ಐದು ಜನರ ಸಾರಿಗೆ ಉಪ್ಪು ಕಡಿಮೆ ಹಾಕಿದರೆ ಮಿಕ್ಕವರು ಮುಖ ಸಿಂಡರಿಸುತ್ತಾರೆ, ಬೈಸಿಕೊಳ್ಳುವವಳು ಸೊಸೆ. ಮುಂದಿನ ವಾರ ಉಪ್ಪು ಮತ್ತೆ ಹಳೇ ಅಳತೆಗೆ ಬರುತ್ತದೆ. ಹೀಗೆ ಮನೆಯ ಒಳಗಿನ ಸಂಬಂಧವೊಂದು ರಕ್ತನಾಳದ ತನಕ ಹೋಗುತ್ತದೆ. ‘ಉಪ್ಪು ಕಡಿಮೆ ಮಾಡಿ’ ಎಂದು ರೋಗಿಗೆ ಮಾತ್ರ ಹೇಳಿ ಕಳಿಸಿದರೆ ಅಡುಗೆ ಮಾಡುವವರಿಗೆ ಆ ಮಾತು ತಲುಪುವುದೇ ಇಲ್ಲ. ಬಾಣ ಬರೆಯುವುದು ಎಂದರೆ ಇದು.

‘ನನ್ನ ಬಿಪಿ ಏರಿಸಬೇಡ’

ಈಗ ಮಾತ್ರೆಗೆ ಬರೋಣ. ಯಾರಿಗಾದರೂ ಸಿಟ್ಟು ಬಂದಾಗ ನಾವು ಹೇಳುವ ಮಾತು, ‘ಸುಮ್ನಿರಪ್ಪ, ನನ್ನ ಬಿಪಿ ಏರಿಸಬೇಡ.’ ಕನ್ನಡದಲ್ಲಿ ರಕ್ತದೊತ್ತಡಕ್ಕೂ ಮಾನಸಿಕ ಒತ್ತಡಕ್ಕೂ ಪದವೇ ಒಂದು: ಒತ್ತಡ. ಹಾಗಾಗಿ ಬಿಪಿ ಎಂದರೆ ಟೆನ್ಷನ್, ಸಿಟ್ಟು, ತಲೆಬಿಸಿ ಎಂಬ ಅರ್ಥ ಬಹಳ ಸಹಜವಾಗಿ ಕೂತುಬಿಟ್ಟಿದೆ. ಇದರ ತರ್ಕವನ್ನು ಮುಂದುವರಿಸಿ ನೋಡಿ. ಬಿಪಿ ಎಂದರೆ ಟೆನ್ಷನ್ ಆದರೆ, ಟೆನ್ಷನ್ ಇಲ್ಲದ ದಿನ ಬಿಪಿ ಇಲ್ಲ. ತಲೆನೋವು, ತಲೆಸುತ್ತು ಇದ್ದರೆ ಏರಿದೆ, ಆರಾಮಿದ್ದರೆ ಇಳಿದಿದೆ. ಆರಾಮಿದ್ದ ದಿನ ಮಾತ್ರೆ ಯಾಕೆ? ಆ ವ್ಯಕ್ತಿ ಅಸಡ್ಡೆ ಮಾಡುತ್ತಿಲ್ಲ. ತನ್ನ ತಿಳಿವಳಿಕೆಗೆ ತಕ್ಕಂತೆ, ಅಚ್ಚುಕಟ್ಟಾಗಿ ನಡೆದುಕೊಳ್ಳುತ್ತಿದ್ದಾರೆ. ತಪ್ಪಿರುವುದು ಆ ತಿಳಿವಳಿಕೆಯಲ್ಲಿ, ಯಾಕೆಂದರೆ ಏರಿದ ರಕ್ತದೊತ್ತಡ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸದೆ ಮೆದುಳು, ಹೃದಯ, ಮೂತ್ರಪಿಂಡಗಳನ್ನು ಸವೆಸುತ್ತಾ ಹೋಗುತ್ತದೆ.

ಇದು ನಮ್ಮ ಭಾಷೆಯ ಸಮಸ್ಯೆ ಮಾತ್ರವಲ್ಲ. ಇಂಗ್ಲಿಷಿನ ‘ಹೈಪರ್‌ಟೆನ್ಷನ್’ ಪದದಲ್ಲೂ ಟೆನ್ಷನ್ ಇದೆ. ರೋಗಿಗಳು ಆ ವೈದ್ಯಕೀಯ ಹೆಸರನ್ನೇ ಹಿಡಿದು ‘ಅತಿ ಟೆನ್ಷನ್’ ಎಂಬ ಬೇರೆಯದೇ ಕಾಯಿಲೆಯನ್ನು ಕಟ್ಟಿಕೊಂಡಿದ್ದಾರೆಂದು ಡ್ಯಾನ್ ಬ್ಲೂಮ್‌ಹ್ಯಾಗನ್ 1980ರಲ್ಲಿ ಅಮೆರಿಕದಿಂದಲೇ ಬರೆದರು. 1985ರಲ್ಲಿ ಮೇಯರ್, ಲೆವೆಂಥಾಲ್, ಗುಟ್‌ಮನ್ ಮೂವರೂ ಬಿಪಿ ರೋಗಿಗಳನ್ನು ವಿಚಾರಿಸಿದಾಗ ಇನ್ನೂ ವಿಚಿತ್ರವಾದದ್ದು ಸಿಕ್ಕಿತು: ‘ಬಿಪಿ ಏರಿದ್ದು ಜನರಿಗೆ ಗೊತ್ತಾಗುವುದಿಲ್ಲ’ ಎಂಬ ಮಾತನ್ನು ಹೆಚ್ಚಿನವರು ಒಪ್ಪಿದರು, ‘ಆದರೆ ನನಗೆ ಗೊತ್ತಾಗುತ್ತದೆ’ ಎಂದೂ ಹೆಚ್ಚಿನವರು ಹೇಳಿದರು.

ಹೊವಾರ್ಡ್ ಲೆವೆಂಥಾಲ್ ಕಟ್ಟಿದ ‘ಕಾಮನ್ ಸೆನ್ಸ್ ಮಾಡೆಲ್’ ನಿಂತಿರುವುದು ಇದರ ಮೇಲೆ. ಪ್ರತಿಯೊಬ್ಬ ರೋಗಿಯ ತಲೆಯಲ್ಲೂ ತನ್ನ ಕಾಯಿಲೆಯ ಬಗ್ಗೆ ಐದು ಪ್ರಶ್ನೆಗೆ ಉತ್ತರ ಮೊದಲೇ ಇರುತ್ತದೆ ಎನ್ನುತ್ತದೆ ಅದು. ಇದು ಏನು ಮತ್ತು ಇದರ ಲಕ್ಷಣ ಯಾವುದು, ಯಾಕೆ ಬಂತು, ಎಷ್ಟು ದಿನ ಇರುತ್ತದೆ, ಇದರಿಂದ ಏನಾಗುತ್ತದೆ, ಹತೋಟಿಗೆ ಬರುತ್ತದೋ ಇಲ್ಲವೋ. ಮೂರನೆಯದನ್ನು ಸ್ವಲ್ಪ ಹೆಚ್ಚು ಗಮನಿಸಿ. ಜ್ವರದ ಮಾತ್ರೆ ಐದು ದಿನಕ್ಕೆ ಮುಗಿಯುತ್ತದೆ ಎಂಬ ಅನುಭವ ನಮಗೆ ಚಿಕ್ಕಂದಿನಿಂದ ಇದೆ. ಬಿಪಿಯನ್ನೂ ಅದೇ ಲೆಕ್ಕಕ್ಕೆ ಹಾಕಿದವರು ಮೊದಲ ಸ್ಟ್ರಿಪ್ಪು ಮುಗಿದ ಕೂಡಲೇ ‘ವಾಸಿಯಾಯ್ತು’ ಎಂದು ನಿಲ್ಲಿಸುತ್ತಾರೆ. ಪರೀಕ್ಷಿಸಿದಾಗ 130/80 ಬಂದರಂತೂ ಆ ನಂಬಿಕೆ ಗಟ್ಟಿಯೇ ಆಗುತ್ತದೆ; ಆ ಸಂಖ್ಯೆ ಬಂದಿರುವುದು ಮಾತ್ರೆಯಿಂದಲೇ ಎಂಬುದನ್ನು ಯಾರೂ ಹೇಳಿರುವುದಿಲ್ಲ. ಈ ಅಧ್ಯಾಯ ಓದಿದ ಮೇಲೆ ಪರಿಚಯದ ಒಬ್ಬ ಬಿಪಿ ಅಥವಾ ಶುಗರ್ ರೋಗಿಯ ಹತ್ತಿರ, ಅವರು ಒಪ್ಪಿದರೆ, ಈ ಐದು ಪ್ರಶ್ನೆ ಕೇಳಿ ಅವರ ಮಾತಿನಲ್ಲೇ ಬರೆದುಕೊಳ್ಳಿ. ನಡುವೆ ತಿದ್ದಬೇಡಿ. ತಿದ್ದಿದ ಕ್ಷಣದಿಂದ ಅವರು ನಿಮಗೆ ಬೇಕಾದ ಉತ್ತರ ಕೊಡಲು ಶುರು ಮಾಡುತ್ತಾರೆ.

ಎಕ್ಸ್‌ರೇ ವ್ಯಾನು ಮತ್ತು ಧನುರ್ವಾಯು ಚುಚ್ಚುಮದ್ದು

ಹಿಂದೆ ಹೋಗಿ 1950ರ ದಶಕ ನೋಡೋಣ. ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆ ಟಿಬಿ ಪತ್ತೆಗೆಂದು ಎದೆಯ ಎಕ್ಸ್‌ರೇಯನ್ನು ಪುಕ್ಕಟೆಯಾಗಿ, ವ್ಯಾನಿನಲ್ಲಿ ಜನರಿರುವ ಕಡೆಗೇ ತಂದಿತು. ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಗಾಡ್‌ಫ್ರೀ ಹಾಕ್‌ಬಾಮ್ ಮೂರು ನಗರಗಳ 1200ಕ್ಕೂ ಹೆಚ್ಚು ಮಂದಿಯನ್ನು ವಿಚಾರಿಸಿದರು. ‘ನನಗೂ ಟಿಬಿ ಬರಬಹುದು’, ‘ಬೇಗ ಪತ್ತೆಯಾದರೆ ಒಳ್ಳೆಯದು’ ಎಂಬ ಎರಡು ನಂಬಿಕೆಯೂ ಇದ್ದವರಲ್ಲಿ 82 ಶೇಕಡಾ ಮಂದಿ ತಾವಾಗಿ ಎಕ್ಸ್‌ರೇ ತೆಗೆಸಿಕೊಂಡಿದ್ದರು. ಎರಡೂ ಇಲ್ಲದವರಲ್ಲಿ 21 ಶೇಕಡಾ. ಹೆಲ್ತ್ ಬಿಲೀಫ್ ಮಾಡೆಲ್, ಅಂದರೆ ಆರೋಗ್ಯದ ಬಗೆಗಿನ ನಂಬಿಕೆಗಳ ಮಾದರಿ, ಹುಟ್ಟಿದ್ದು ಹೀಗೆ. ರೋಗ ನನಗೆ ತಗಲಬಹುದೇ, ತಗಲಿದರೆ ಎಷ್ಟು ಗಂಭೀರ, ಮಾಡಿದರೆ ಲಾಭವೇನು, ಅಡ್ಡಿಯೇನು, ಎಚ್ಚರಿಸುವ ಸೂಚನೆ ಯಾವುದು ಎಂಬ ಐದಕ್ಕೆ 1988ರಲ್ಲಿ ಆರನೆಯದು ಸೇರಿತು: ‘ನನ್ನ ಕೈಲಿ ಇದಾಗುತ್ತದೆ’ ಎಂಬ ಭರವಸೆ. ಅದು ಆಲ್ಬರ್ಟ್ ಬ್ಯಾಂಡೂರಾ 1977ರಲ್ಲಿ ಕೊಟ್ಟ ಪರಿಕಲ್ಪನೆ.

ಹಾಕ್‌ಬಾಮರ ಸಂಖ್ಯೆಗಳನ್ನು ಬರೆದುಕೊಳ್ಳುವಾಗ ಒಂದು ಅನುಮಾನವನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಕು. ನಂಬಿಕೆಯನ್ನು ಕೇಳಿದ್ದು ಎಕ್ಸ್‌ರೇ ತೆಗೆಸಿಕೊಂಡ ನಂತರ. ನಂಬಿಕೆಯಿಂದ ಎಕ್ಸ್‌ರೇ ಆಯಿತೋ, ಎಕ್ಸ್‌ರೇ ತೆಗೆಸಿಕೊಂಡದ್ದರಿಂದ ನಂಬಿಕೆ ಬಂತೋ? ಒಂದು ಸಲ ವಿಚಾರಿಸಿದ ಸಮೀಕ್ಷೆ ಇದನ್ನು ಹೇಳಲಾರದು.

ನಂಬಿಕೆ ಇದ್ದರೆ ಸಾಕೇ? ಇದಕ್ಕೆ ಉತ್ತರ ಕೊಟ್ಟ ಪ್ರಯೋಗ ಈ ಇಡೀ ಶಾಸ್ತ್ರದಲ್ಲೇ ಕಲಿಯುವವರಿಗೆ ಅತಿ ಉಪಯುಕ್ತ ಎಂಬುದು ನಮ್ಮ ಅಭಿಪ್ರಾಯ. 1965, ಯೇಲ್ ವಿಶ್ವವಿದ್ಯಾಲಯ. ಮಾಡಿದವರು ಅದೇ ಲೆವೆಂಥಾಲ್, ಜೊತೆಗೆ ಸಿಂಗರ್ ಮತ್ತು ಜೋನ್ಸ್. ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಕಿರುಹೊತ್ತಿಗೆ ಕೊಟ್ಟರು. ಕೆಲವರಿಗೆ ಎದೆ ಝಲ್ಲೆನ್ನಿಸುವ ವಿವರಣೆ, ಕೆಲವರಿಗೆ ಸೌಮ್ಯವಾದದ್ದು. ಎಲ್ಲರಿಗೂ ಹೇಳಿದ್ದು ಒಂದೇ: ಕ್ಯಾಂಪಸ್ಸಿನ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಚುಚ್ಚುಮದ್ದಿದೆ, ಹಾಕಿಸಿಕೊಳ್ಳಿ. ಹೆಚ್ಚು ಹೆದರಿದವರು ‘ಹಾಕಿಸಿಕೊಳ್ಳಬೇಕು’ ಎಂದು ಹೆಚ್ಚು ಬಲವಾಗಿ ಹೇಳಿದರು. ಆದರೆ ಹೋದವರ ಲೆಕ್ಕದಲ್ಲಿ ಹೆದರಿಕೆಯ ಮಟ್ಟ ವ್ಯತ್ಯಾಸ ಮಾಡಲಿಲ್ಲ. ವ್ಯತ್ಯಾಸ ಮಾಡಿದ್ದು ಇನ್ನೊಂದು ಸಣ್ಣ ಸಂಗತಿ. ಕೆಲವರಿಗೆ ಆರೋಗ್ಯ ಕೇಂದ್ರಕ್ಕೆ ಗುರುತು ಹಾಕಿದ ಕ್ಯಾಂಪಸ್ ನಕ್ಷೆ ಕೊಟ್ಟು, ‘ನಿಮ್ಮ ವಾರದ ವೇಳಾಪಟ್ಟಿ ನೋಡಿ, ಆ ಕಡೆ ಯಾವಾಗ ಹೋಗುತ್ತೀರಿ ಗೊತ್ತುಮಾಡಿಕೊಳ್ಳಿ’ ಎಂದಿದ್ದರು. ಅವರಲ್ಲಿ ಸುಮಾರು 28 ಶೇಕಡಾ ಮಂದಿ ಚುಚ್ಚುಮದ್ದು ಹಾಕಿಸಿಕೊಂಡರು. ನಕ್ಷೆ ಸಿಗದವರಲ್ಲಿ ಸುಮಾರು 3 ಶೇಕಡಾ.

ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಆರೋಗ್ಯ ಕೇಂದ್ರ ಎಲ್ಲಿದೆ ಎಂಬುದು ಹೊಸ ವಿಷಯವೇನಲ್ಲ. ನಕ್ಷೆ ಕೊಟ್ಟದ್ದು ಮಾಹಿತಿಯನ್ನಲ್ಲ. ‘ಬುಧವಾರ ಹನ್ನೊಂದಕ್ಕೆ ಕ್ಲಾಸು ಬಿಟ್ಟ ಮೇಲೆ’ ಎಂಬ ಜಾಗ ಮತ್ತು ಹೊತ್ತನ್ನು. ಹಾಗೆಂದು ಯೋಜನೆಯೊಂದೇ ಸಾಕು ಎಂದು ಬರೆಯಬೇಡಿ: ಧನುರ್ವಾಯುವಿನ ಅಪಾಯವನ್ನು ತಿಳಿಸದೆ ಬರೀ ಯೋಜನೆ ಕೊಟ್ಟ ಗುಂಪಿನಿಂದ ಯಾರೂ ಹೋಗಲಿಲ್ಲ. ಮನಸ್ಸೂ ಬೇಕು, ದಾರಿಯೂ ಬೇಕು. ಮತ್ತೆ, ನೂರಕ್ಕೆ 28 ಎಂದರೆ ನೂರಕ್ಕೆ 72 ಮಂದಿ ಹೋಗಲಿಲ್ಲ ಎಂದೂ ಅರ್ಥ.

ಮುಂದೆ ಪೀಟರ್ ಗಾಲ್ವಿಟ್ಸರ್ ಇದನ್ನು ‘ಹೀಗಾದರೆ ಹೀಗೆ ಮಾಡುವೆ’ ಎಂಬ ವಾಕ್ಯದ ಅಚ್ಚಿಗೆ ತಂದರು. 2006ರಲ್ಲಿ ಅವರೂ ಪ್ಯಾಸ್ಕಲ್ ಶೀರನ್ನೂ 94 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಪರಿಣಾಮ ಮಧ್ಯಮದಿಂದ ದೊಡ್ಡ ಮಟ್ಟದ್ದು, 0.65 ಎಂದು ಬಂತು. ಮಾತ್ರೆಗೆ ಈ ಅಚ್ಚನ್ನು ಹೊಂದಿಸುವುದು ಹೇಗೆ? ‘ಇನ್ನು ಮೇಲೆ ತಪ್ಪದೆ ತಗೋತೀನಿ’ ಎಂಬುದು ಯೋಜನೆ ಅಲ್ಲ, ಆಸೆ. ‘ಬೆಳಿಗ್ಗೆ 8ಕ್ಕೆ’ ಎಂಬುದೂ ದುರ್ಬಲ, ಯಾಕೆಂದರೆ 8 ಗಂಟೆ ಕಣ್ಣಿಗೆ ಕಾಣುವುದಿಲ್ಲ. ‘ತಿಂಡಿ ತಿಂದು ತಟ್ಟೆಯನ್ನು ಸಿಂಕಿಗೆ ಇಟ್ಟ ಕೂಡಲೇ, ಪಕ್ಕದ ಕಿಟಕಿಯ ಮೇಲಿರುವ ಡಬ್ಬಿಯಿಂದ ಮಾತ್ರೆ ತೆಗೆದು ನುಂಗುವೆ’: ಇದು ನಿಲ್ಲುತ್ತದೆ. ಸಾಮಾನ್ಯವಾಗಿ ಕೆಡುವುದು ಎಲ್ಲಿ ಎಂದರೆ ನೆನಪಿಸುವ ಸೂಚನೆಯಾಗಿ ಆರಿಸಿಕೊಂಡ ಕೆಲಸ ದಿನವೂ ನಡೆಯದೇ ಇದ್ದಾಗ. ಶನಿವಾರ ಉಪವಾಸ ಮಾಡುವವರಿಗೆ ತಿಂಡಿ ಒಳ್ಳೆಯ ಸೂಚನೆಯಲ್ಲ, ಹಲ್ಲುಜ್ಜುವುದು ಮೇಲು. ಊರಿಗೆ, ಮದುವೆಗೆ ಹೋದ ದಿನಗಳಿಗೆ ಬೇರೆ ವಾಕ್ಯ ಬೇಕು: ‘ಬ್ಯಾಗು ತುಂಬುವಾಗ ಟೂತ್‌ಪೇಸ್ಟಿನ ಜೊತೆ ಸ್ಟ್ರಿಪ್ಪನ್ನೂ ಹಾಕುವೆ.’ ಅಭ್ಯಾಸ 21 ದಿನಕ್ಕೆ ಕೂಡಿಕೊಳ್ಳುತ್ತದೆ ಎಂಬ ಮಾತಿಗೆ ಆಧಾರವಿಲ್ಲ. 2010ರಲ್ಲಿ ಪ್ರಕಟವಾದ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ಮಧ್ಯಾಂಕ 66 ದಿನ, ಹರವು 18ರಿಂದ 254 ದಿನ. ನಡುವೆ ಒಂದು ದಿನ ತಪ್ಪಿದರೆ ಎಲ್ಲ ಹಾಳಾಯಿತು ಎಂದೇನೂ ಇಲ್ಲ ಎಂಬುದೂ ಅದರಲ್ಲೇ ಕಂಡಿತು.

ಜನ ಹಂತಹಂತವಾಗಿ ಬದಲಾಗುತ್ತಾರೆ ಎನ್ನುವ ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟೆಯವರ ಮಾದರಿ ಬೀಡಿ, ಸಿಗರೇಟು ಬಿಡುವ ಸಂದರ್ಭದಲ್ಲಿ ಬರುತ್ತದೆ. ‘ಆರು ತಿಂಗಳೊಳಗೆ ಬಿಡುವ ಯೋಚನೆ’, ‘30 ದಿನದೊಳಗೆ ಬಿಡುವ ತಯಾರಿ’ ಎಂಬ ಗಡಿಗಳನ್ನು ಕಲಿಯಿರಿ, ಆದರೆ ಆ ಗಡಿಗಳು ಅನುಕೂಲಕ್ಕೆ ಎಳೆದ ಗೆರೆ ಎಂಬ ಟೀಕೆಯನ್ನೂ ಕಲಿಯಿರಿ. ಇಷ್ಟು ಸಾಕು.

ಒತ್ತಡದಿಂದ ಕಾಯಿಲೆ ಬರುತ್ತದೆಯೇ

ಎಲ್ಲರೂ ‘ಹೌದು’ ಎನ್ನುತ್ತಾರೆ. ಹೇಗೆ ಗೊತ್ತು ಎಂದು ಕೇಳಿದರೆ ತಡವರಿಸುತ್ತಾರೆ. ಹ್ಯಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳಲ್ಲಿ ನೋಡಿದ್ದು, ಎಚ್ಚರ, ಪ್ರತಿರೋಧ, ಬಳಲಿಕೆ ಎಂಬ ಮೂರು ಹಂತ, ಪುಸ್ತಕದಲ್ಲಿದೆ. ಲಾಜರಸ್ ಮತ್ತು ಫೋಕ್‌ಮನ್ 1984ರಲ್ಲಿ ಸೇರಿಸಿದ್ದು ಅಳೆದು ನೋಡುವ ಮನಸ್ಸನ್ನು: ಮೊದಲು ‘ಇದರಿಂದ ನನಗೆ ತೊಂದರೆಯೇ?’, ಆಮೇಲೆ ‘ಎದುರಿಸಲು ನನ್ನ ಹತ್ತಿರ ಏನಿದೆ?’

ಆದರೆ ಸಮಯ ಕೊಡಬೇಕಾದ್ದು ಶೆಲ್ಡನ್ ಕೋಹೆನ್, ಟಿರೆಲ್, ಸ್ಮಿತ್ 1991ರಲ್ಲಿ ಪ್ರಕಟಿಸಿದ ನೆಗಡಿಯ ಅಧ್ಯಯನಕ್ಕೆ. ಇಂಗ್ಲೆಂಡಿನಲ್ಲಿ 394 ಆರೋಗ್ಯವಂತರ ಒತ್ತಡವನ್ನು ಮೊದಲು ಪ್ರಶ್ನಾವಳಿಯಿಂದ ಅಳೆದರು. ಆಮೇಲೆ ಮೂಗಿಗೆ ನೆಗಡಿಯ ವೈರಸ್ ಇರುವ ಹನಿ ಬಿಟ್ಟು, ಬೇರೆಯವರಿಂದ ದೂರ ಇರಿಸಿ ನೋಡಿದರು. ಒತ್ತಡ ಅತಿ ಕಡಿಮೆ ಇದ್ದವರಲ್ಲಿ ನೆಗಡಿ ಬಂದದ್ದು ಸುಮಾರು 27 ಶೇಕಡಾ ಮಂದಿಗೆ, ಅತಿ ಹೆಚ್ಚಿದ್ದವರಲ್ಲಿ 47 ಶೇಕಡಾ ಮಂದಿಗೆ. ಈ ವಿನ್ಯಾಸದ ಜಾಣ್ಮೆ ಗಮನಿಸಿ. ಒತ್ತಡದಲ್ಲಿರುವವರು ಬಸ್ಸು, ಸಂತೆ ಎಂದು ಓಡಾಡಿ ಹೆಚ್ಚು ವೈರಸ್ ತಗಲಿಸಿಕೊಳ್ಳುತ್ತಾರೆ ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ, ವೈರಸ್ಸನ್ನು ಎಲ್ಲರಿಗೂ ಕೊಟ್ಟಾಗಿದೆ. ಉಳಿಯುವ ಕೊರತೆಯೂ ಇದೆ: ಒತ್ತಡವನ್ನು ಯಾರೂ ಚೀಟಿ ಎತ್ತಿ ಹಂಚಲಿಲ್ಲ, ಅದು ಅವರವರ ಬದುಕಿನಿಂದ ಬಂದದ್ದು. ಹಾಗಾಗಿ ಒತ್ತಡದ ಜೊತೆ ಬರುವ ಬೇರೇನೋ ಕಾರಣವಿರಬಹುದು. ಧೂಮಪಾನ, ನಿದ್ದೆ, ಆಹಾರ ಮುಂತಾದವನ್ನು ಲೆಕ್ಕದಲ್ಲಿ ಸರಿದೂಗಿಸಿದರೂ ಸಂಬಂಧ ಉಳಿಯಿತು ಎಂಬುದು ಆ ಅಧ್ಯಯನದ ಬಲ.

ಒತ್ತಡ ಅಳೆಯಲು ಕಾಲೇಜಿನ ಪ್ರಾಜೆಕ್ಟುಗಳಲ್ಲಿ ಹೆಚ್ಚಾಗಿ ಬಳಸುವುದು ಕೋಹೆನ್ ಅವರದೇ ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್. 10 ಪ್ರಶ್ನೆ, ಕಳೆದ ಒಂದು ತಿಂಗಳ ಬಗ್ಗೆ, ಪ್ರತಿಯೊಂದಕ್ಕೂ 0ಯಿಂದ 4 ಅಂಕ, ಒಟ್ಟು 40. ಇದರಲ್ಲಿ 4, 5, 7, 8ನೇ ಪ್ರಶ್ನೆಗಳು ಒಳ್ಳೆಯ ಸ್ಥಿತಿಯನ್ನು ಕೇಳುತ್ತವೆ, ಆದ್ದರಿಂದ ಅಂಕವನ್ನು ತಿರುಗಿಸಬೇಕು: 0 ಇದ್ದರೆ 4, 1 ಇದ್ದರೆ 3, 2 ಹಾಗೇ. ಇದನ್ನು ಮರೆತು ಹಾಗೇ ಕೂಡಿದ ಪ್ರಾಜೆಕ್ಟುಗಳಲ್ಲಿ ಎಲ್ಲರ ಮೊತ್ತವೂ ನಡುವಿಗೆ ಬಂದು ಗುಂಪುಗಳ ವ್ಯತ್ಯಾಸ ಮಾಯವಾಗುತ್ತದೆ. ಕನ್ನಡಕ್ಕೆ ತಂದು ಬಳಸುವುದಾದರೆ ಒಬ್ಬರು ಅನುವಾದಿಸಿದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷಿಗೆ ಮರಳಿ ಮಾಡಿಸಿ ತಾಳೆ ನೋಡಿ. ‘ಒತ್ತಡ’ ಎಂದು ಬರೆದರೆ ಬಿಪಿ ಇರುವ ಹಿರಿಯರು ಯಾವ ಒತ್ತಡ ಎಂದುಕೊಳ್ಳುತ್ತಾರೆ ಎಂಬುದು ಮೇಲೆಯೇ ಗೊತ್ತಾಗಿದೆ. ಈ ಅಂಕದಿಂದ ಯಾರಿಗೂ ಕಾಯಿಲೆಯ ಹೆಸರು ಹಚ್ಚಬೇಡಿ, ಅದು ರೋಗ ಪತ್ತೆಯ ಸಾಧನವಲ್ಲ. ಭಾರತದಲ್ಲಿ ಚಿಕಿತ್ಸಾ ಮನೋವಿಜ್ಞಾನಿಯಾಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಮಂಡಳಿಯ (ಆರ್‌ಸಿಐ) ನೋಂದಣಿ ಬೇಕು. ಪ್ರಾಜೆಕ್ಟಿನಲ್ಲಿ ಯಾರಾದರೂ ತೀರಾ ಸಂಕಟ ಹೇಳಿಕೊಂಡರೆ ಟೆಲಿ ಮಾನಸ್ ಸಹಾಯವಾಣಿ 14416 ಕೊಡಿ, ಉಪಾಧ್ಯಾಯರಿಗೆ ತಿಳಿಸಿ.

ಹದಿನಾಲ್ಕು ದಿನದ ನೋಟ್‌ಬುಕ್ಕು

ದಿನದ ಮಾತ್ರೆ ಇರುವ ಮನೆಯವರು ಒಪ್ಪಿದರೆ ಅವರ ಜೊತೆ, ಇಲ್ಲವಾದರೆ ನಿಮ್ಮದೇ ಒಂದು ಅಭ್ಯಾಸದ ಮೇಲೆ, ಇದನ್ನು ಮಾಡಿ ನೋಡಿ. ಸ್ಟ್ರಿಪ್ಪಿನ ಹಿಂಬದಿಯಲ್ಲಿ ಮಾರ್ಕರಿನಿಂದ ತಾರೀಕು ಬರೆಯಿರಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಲಂ ಸಾಕು: ಯಾವಾಗ ತೆಗೆದುಕೊಳ್ಳಬೇಕಿತ್ತು, ಯಾವಾಗ ತೆಗೆದುಕೊಂಡರು, ಆಗ ಎಲ್ಲಿದ್ದರು, ತಪ್ಪಿದ್ದರೆ ಅದಕ್ಕೆ ಸ್ವಲ್ಪ ಮುಂಚೆ ಏನು ನಡೆಯುತ್ತಿತ್ತು. ಮೊದಲ ಏಳು ದಿನ ಏನೂ ಬದಲಿಸಬೇಡಿ. ಎಂಟನೇ ದಿನ ಒಂದೇ ಒಂದು ‘ಹೀಗಾದರೆ ಹೀಗೆ’ ವಾಕ್ಯ ಸೇರಿಸಿ. ಒಟ್ಟಿಗೆ ಅಲಾರಂ, ಹೊಸ ಡಬ್ಬಿ, ಮಗಳ ಫೋನು ಎಲ್ಲ ತಂದರೆ ಯಾವುದರಿಂದ ಸರಿಹೋಯಿತು ಎಂದು ಹೇಳಲಾಗುವುದಿಲ್ಲ.

ಲೆಕ್ಕ ಸುಲಭ: ನುಂಗಿದ್ದನ್ನು ನುಂಗಬೇಕಿದ್ದರಿಂದ ಭಾಗಿಸಿ 100ರಿಂದ ಗುಣಿಸಿ. 30 ಮಾತ್ರೆ ತಂದು 21 ದಿನವಾದ ಮೇಲೆ 14 ಉಳಿದಿದ್ದರೆ, ನುಂಗಿದ್ದು 16, ಶೇಕಡಾ 76. ಸಂಶೋಧನೆಗಳಲ್ಲಿ 80 ದಾಟಿದರೆ ಸರಿಯಾಗಿ ತೆಗೆದುಕೊಂಡರು ಎಂದು ಲೆಕ್ಕ ಹಿಡಿಯುವ ರೂಢಿ ಇದೆ. ಎಣಿಕೆ ಹೇಳುವುದು ಸ್ಟ್ರಿಪ್ಪಿನಿಂದ ಹೊರಬಂದದ್ದನ್ನು, ಹೊಟ್ಟೆಗೆ ಹೋದದ್ದನ್ನಲ್ಲ. ಡಾಕ್ಟರ ಭೇಟಿಗೆ ಮೂರ್ನಾಲ್ಕು ದಿನ ಇದ್ದಾಗ ಶಿಸ್ತು ತಾನಾಗಿ ಹೆಚ್ಚುತ್ತದೆ, ಆ ದಿನಗಳಿಗೆ ಬೇರೆ ಗುರುತು ಹಾಕಿ. ‘ಮಾತ್ರೆ ತಗೊಂಡ್ರಾ?’ ಎಂದು ಕೇಳಿದರೆ ‘ಹ್ಞೂಂ’ ಎಂಬ ಉತ್ತರವೇ ಬರುತ್ತದೆ. ‘ಎಲ್ಲರಿಗೂ ಒಂದೊಂದ್ಸಲ ತಪ್ಪುತ್ತೆ. ಈ ವಾರ ನಿಮಗೆ ಎಷ್ಟು ದಿನ ತಪ್ಪಿತು?’ ಎಂದು ಕೇಳಿದರೆ ನಿಜ ಹೇಳಲು ಜಾಗ ಸಿಗುತ್ತದೆ.

ನಾಲ್ಕನೇ ಕಲಂ ಓದುವಾಗ ಯಾವ ಸಿದ್ಧಾಂತ ಎಲ್ಲಿ ಕೂರುತ್ತದೆ ಎಂದು ಕಾಣತೊಡಗುತ್ತದೆ. ‘ಇವತ್ತು ಆರಾಮಿದ್ದೆ’ ಎಂದಿದ್ದರೆ ಅದು ಕಾಯಿಲೆಯ ತಿಳಿವಳಿಕೆಯ ತೊಡಕು, ಅಲಾರಂ ಇಟ್ಟರೆ ಬಗೆಹರಿಯದು. ಮಾತಾಡಬೇಕು, ಬಿಪಿ ಅಳೆದು ತೋರಿಸಬೇಕು. ‘ಬಸ್ಸಿಗೆ ಹೊತ್ತಾಯ್ತು’ ಎಂದಿದ್ದರೆ ಅದಕ್ಕೆ ಯೋಜನೆಯ ವಾಕ್ಯ. ‘ಮಾತ್ರೆ ಮುಗಿದಿತ್ತು, ಆಸ್ಪತ್ರೆಗೆ ಹೋದರೆ ಕೂಲಿ ಹೋಗುತ್ತೆ’ ಎಂದಿದ್ದರೆ ಮನಸ್ಸಿನ ಯಾವ ತರಬೇತಿಯೂ ಉಪಯೋಗವಿಲ್ಲ, ಮಾತ್ರೆ ಮನೆ ಹತ್ತಿರ ಸಿಗುವ ಏರ್ಪಾಡು ಬೇಕು. ‘ಮಾತ್ರೆ ತಗೊಂಡ್ರೆ ಕಾಲು ಬಾತುಕೊಳ್ಳುತ್ತೆ, ಅದಕ್ಕೆ ಬಿಟ್ಟೆ’ ಎಂದು ಬರೆದಿದ್ದರೆ ಅಲ್ಲಿಗೆ ನಿಮ್ಮ ಪ್ರಯೋಗ ನಿಲ್ಲಬೇಕು. ಆಮ್ಲೋಡಿಪಿನ್‌ನಂಥ ಸಾಮಾನ್ಯ ಬಿಪಿ ಮಾತ್ರೆಯಿಂದ ಪಾದದ ಗಂಟು ಊದಿಕೊಳ್ಳುವುದುಂಟು. ಡಾಕ್ಟರು ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸಬಲ್ಲರು, ಆದರೆ ಆ ಸಾಲು ಅವರ ಮೇಜಿಗೆ ತಲುಪಬೇಕು. ಆ ಪುಟವನ್ನು ಮುಂದಿನ ಭೇಟಿಯ ಚೀಟಿಯ ಜೊತೆ ಪಿನ್ ಮಾಡಿ ಕಳಿಸಿ.